ಒಗ್ಗರಣೆಗೆ ಕೊರೆದ ತೂತು

ಊಟಕ್ಕೆ ಕರೆದವರ ಮನೆಗೆ ಹೋಗಿ, ಶೂ ಬಿಚ್ಚಿಟ್ಟ ಕೂಡಲೇ ಗೋಡೆ ತಟ್ಟಿ ನೋಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಕನ್ನಡದವರ ನಡುವೆ ಅಂಥವರೊಬ್ಬರಿದ್ದಾರೆ. ಹೆಸರು ಅನಂತಕೃಷ್ಣ. ಕೋಟೇಶ್ವರದ ಕಡೆಯವರು, ವಯಸ್ಸು ಅರವತ್ತೊಂದು, ಈ ಊರಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, "ಇದು ಬರೀ ಜಿಪ್ಸಮ್ ಹಲಗೆ. ಒಳಗೆ ಎಂತದೂ ಇಲ್ಲ" ಅನ್ನುತ್ತಾರೆ. ಹೊಸ ಮನೆ ತೋರಿಸಲು ಕರೆದವರ ಮುಖ ಹುಳ್ಳಗಾಗುತ್ತದೆ. ಅನಂತಕೃಷ್ಣರ ಹೆಂಡತಿ ಮಾಲತಿ, "ರೀ, ಬಡಿಯೋದು ಬಿಟ್ಟು ಬನ್ನಿ, ಪಲ್ಯ ಆರ್ತಾ ಇದೆ" ಅಂತ ತೋಳು ಹಿಡಿದು ಎಳೆದುಕೊಂಡು ಹೋಗುತ್ತಾರೆ.

ಇದು ಹುಚ್ಚಲ್ಲ, ಕಸುಬು. ಅನಂತಕೃಷ್ಣ ಶೆಲ್ಟರ್ ತಪಾಸಣೆ ಮಾಡುವವರು. ಎರಡನೇ ಮಹಾಯುದ್ಧ ಮುಗಿದು ಜನ ಉಸ್ಸಪ್ಪಾ ಅನ್ನುವಷ್ಟರಲ್ಲಿ ಅಮೆರಿಕ ಒಂದು ಕಡೆ, ರಷ್ಯಾ ಇನ್ನೊಂದು ಕಡೆ ನಿಂತು ದುರುಗುಟ್ಟತೊಡಗಿದವಲ್ಲ, ಆಗ ನಡುವೆ ಸಿಕ್ಕಿಕೊಂಡ ಸ್ವೀಡನ್ ಊರೂರಿನ ವಸತಿ ಕಟ್ಟಡಗಳ ಕೆಳಗೆ ದಪ್ಪ ಕಾಂಕ್ರೀಟಿನ ಕೋಣೆ ಕಟ್ಟಿಸಿತು. ಬಾಂಬು ಬಿದ್ದರೆ ಮೇಲಿನ ಮನೆಗಳವರೆಲ್ಲ ಇಳಿದು ಬಂದು ಕೂರಬೇಕು, ವಿಷಗಾಳಿ ಬಂದರೂ ಒಳಗೆ ನುಸುಳಬಾರದು. ಆ ಯುದ್ಧ ಬರಲಿಲ್ಲ. ಕೋಣೆಗಳು ಉಳಿದವು. ಬಾಗಿಲ ಮೇಲೆ ಕಿತ್ತಳೆ ಚೌಕದೊಳಗೆ ನೀಲಿ ತ್ರಿಕೋನದ ಫಲಕ ತೂಗಿಸಿಕೊಂಡು, ಒಳಗೆ ಸೈಕಲ್ಲು, ಮುರಿದ ತೊಟ್ಟಿಲು, ಕ್ರಿಸ್‌ಮಸ್ ದೀಪಗಳ ಗೋಜಲು ತುಂಬಿಕೊಂಡು ಹಾಯಾಗಿದ್ದವು. ಒಂದು ಕಡೆ ಅನಂತಕೃಷ್ಣರಿಗೆ ಬಾಂಬು ತಡೆಯುವ ಕೋಣೆಯೊಳಗೆ ಬಿಸಿ ಹಬೆಯಲ್ಲಿ ಬೆವರಲಿಕ್ಕೆ ಕಟ್ಟಿದ ಮರದ ಸೌನಾ ಸಿಕ್ಕಿತ್ತು. ಇನ್ನೊಂದು ಕಡೆ ನಾಲ್ಕು ಹುಡುಗರ ಡ್ರಮ್ ಸೆಟ್.

ಉಕ್ರೇನಿನಲ್ಲಿ ಯುದ್ಧ ಶುರುವಾದದ್ದೇ ತಡ, ಇಡೀ ದೇಶಕ್ಕೆ ನೆಲಮಾಳಿಗೆಯ ನೆನಪಾಯಿತು. ಅಲ್ಲಿಯವರೆಗೆ ಅನಂತಕೃಷ್ಣ ಕಟ್ಟಡಗಳಿಗೆ ಗಾಳಿಕೊಳವೆ ಜೋಡಿಸುವ ಕೆಲಸದಲ್ಲಿದ್ದರು. ಅವರ ಕಂಪನಿ ಅವರನ್ನು ತರಬೇತಿಗೆ ಕಳಿಸಿ, ಕೊರಳಿಗೊಂದು ಗುರುತಿನ ಚೀಟಿ ಹಾಕಿ, ಶೆಲ್ಟರುಗಳ ಪರೀಕ್ಷೆಗೆ ಹಚ್ಚಿತು. ಬಾಗಿಲಿನ ರಬ್ಬರು ಬಿರುಕು ಬಿಟ್ಟಿದೆಯೇ, ಕೈಯಿಂದ ತಿರುಗಿಸುವ ಗಾಳಿಯಂತ್ರ ತಿರುಗುತ್ತದೆಯೇ, ಕೋಣೆಗೆ ಗಾಳಿ ತುಂಬಿದರೆ ಒತ್ತಡ ನಿಲ್ಲುತ್ತದೆಯೇ, ಇದನ್ನೆಲ್ಲ ನೋಡಿ ವರದಿ ಬರೆಯಬೇಕು. ಕೆಲಸ ಅವರಿಗೆ ತರಬೇತಿಯಲ್ಲೇ ಹಿಡಿಸಿತು. ಯಾರ ಮುಲಾಜೂ ಇಲ್ಲ. ಗೋಡೆ ಸರಿ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ.

ಹಿಡಿಸಿದ್ದು ಒಂದೂವರೆ ದಿನ ಮಾತ್ರ. ತರಬೇತಿಯ ಎರಡನೇ ದಿನ ಮಧ್ಯಾಹ್ನ ಮೇಷ್ಟ್ರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಯಾವನೋ ಪುಣ್ಯಾತ್ಮ ಶೆಲ್ಟರಿನ ಗೋಡೆಗೆ ದುಂಡಗೆ ತೂತು ಕೊರೆದು ಬಟ್ಟೆ ಒಣಗಿಸುವ ಯಂತ್ರದ ಕೊಳವೆ ತೂರಿಸಿದ್ದ. "ಈತ ಬಟ್ಟೆ ಒಣಗಿಸಿಕೊಂಡ. ಗಾಳಿಯಲ್ಲಿ ವಿಷ ಬಂದ ದಿನ ಕಟ್ಟಡದವರೆಲ್ಲ ಸಾಯುತ್ತಾರೆ" ಅಂದರು ಮೇಷ್ಟ್ರು. ತರಗತಿ ಗೊಳ್ಳೆಂದು ನಕ್ಕಿತು. ಅನಂತಕೃಷ್ಣ ನಗಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡರು, ಮತ್ತೂ ಬೆವರು ಬಂತು, ಮತ್ತೆ ತೊಳೆದುಕೊಂಡರು.

ಯಾಕೆಂದರೆ ಅಂಥದೇ ಒಂದು ತೂತು ಅವರ ಸ್ವಂತ ಕಟ್ಟಡದಲ್ಲಿತ್ತು. ಕೊರೆದವರು ಅವರೇ.

ಅವರು ಇರುವುದು ೧೯೫೧ರಲ್ಲಿ ಕಟ್ಟಿದ, ಹಳದಿ ಗಾರೆಯ, ನಾಲ್ಕು ಮಹಡಿಯ ಕಟ್ಟಡದಲ್ಲಿ. ಮೂವತ್ತಾರು ಮನೆ. ಮನೆಯವರದೇ ಒಂದು ಸಂಘ, ಅದಕ್ಕೊಬ್ಬ ಅಧ್ಯಕ್ಷ. ಅನಂತಕೃಷ್ಣ ದಂಪತಿ ಅಲ್ಲಿಗೆ ಬಂದಾಗ ನೆಲಮಾಳಿಗೆಯ ದೊಡ್ಡ ಕೋಣೆ ಎಲ್ಲರ ಬಳಕೆಗಿತ್ತು; ಬರ್ತ್‌ಡೇ, ಸಭೆ ಏನಿದ್ದರೂ ಅಲ್ಲೇ. ಬಾಗಿಲ ಮೇಲಿನ ಫಲಕದ ಮೇಲೆ ಯಾರೋ ಎಂದೋ ಬಿಳಿ ಬಣ್ಣ ಬಳಿದುಬಿಟ್ಟಿದ್ದರು. ಆ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಮಾಲತಿ ಕನ್ನಡದ ಮಕ್ಕಳನ್ನು ಸೇರಿಸಿ ಅಕ್ಷರ ಕಲಿಸುತ್ತಿದ್ದರು. ಅಕ್ಷರಕ್ಕೆ ಅಂತ ಬಂದ ಮಕ್ಕಳು ನಾಲ್ಕು, ಊಟಕ್ಕೆ ಅಂತ ಬಂದ ದೊಡ್ಡವರು ನಲವತ್ತು. ಒಂದು ಮೂಲೆಯಲ್ಲಿ ಎರಡು ಒಲೆ ಹಚ್ಚಿ ಮಾಲತಿ ಹುಳಿ ಕುದಿಸಿ, ಕೆಂಪು ಮೆಣಸು, ಸಾಸಿವೆ, ಇಂಗು, ಬೆಳ್ಳುಳ್ಳಿ ಹಾಕಿ ಚೊಂಯ್ ಅನ್ನಿಸಿದರೆ ಮೂರನೇ ಮಹಡಿಯವರೆಗೆ ಕೆಮ್ಮು.

ಎರಡನೇ ಮಹಡಿಯಲ್ಲಿ ಗುನ್‌ಬ್ರಿಟ್ ಇದ್ದರು. ಆಗಿನ್ನೂ ಅರವತ್ತರ ಆಸುಪಾಸು. ಈಗ ಎಂಬತ್ತೊಂದು, ಕನ್ನಡದ ಮಂದಿಗೆಲ್ಲ ಗುನ್‌ಬ್ರಿಟ್ ಅಜ್ಜಿ. ಅವರ ಗಂಡ ಸ್ವೆನ್ ಕಟ್ಟಡದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮಿತಭಾಷಿ. ಒಂದು ದಿನ ಸ್ವೆನ್ ಮೆಟ್ಟಿಲ ಬಳಿ ನಿಂತು, ಬಹಳ ಸಂಕೋಚದಿಂದ, "ನಿಮ್ಮ ಅಡಿಗೆ ತುಂಬಾ ಚೆನ್ನಾಗಿರಬೇಕು. ಆದರೆ ನನ್ನ ಹೆಂಡತಿಗೆ ಉಸಿರು ಕಟ್ಟುತ್ತದೆ. ವಾಸನೆಗೆ ಏನಾದರೂ ಮಾಡಲಿಕ್ಕಾಗುತ್ತದಾ?" ಅಂದ.

ಮಾಡಲಿಕ್ಕಾಗುವುದಿಲ್ಲವೇ! ಗಾಳಿಕೊಳವೆಯ ಕೆಲಸದವರಿಗೆ ಗಾಳಿಯ ಸವಾಲು ಹಾಕಿದಂತಾಯಿತು. ಸಂಘಕ್ಕೆ ಅರ್ಜಿ ಕೊಡಬೇಕು, ಸಭೆ ಕೂರಬೇಕು, ಆರು ತಿಂಗಳು ಕಾಯಬೇಕು. ಅದೆಲ್ಲ ಯಾರಿಗೆ ಬೇಕು ಮಾರಾಯ್ರೆ, ಎರಡು ಗಂಟೆಯ ಕೆಲಸಕ್ಕೆ? ಜೂನಿನಲ್ಲಿ ಮಿಡ್‌ಸಮ್ಮರ್ ಹಬ್ಬದ ದಿನ ಇಡೀ ಕಟ್ಟಡ ಬೇಸಿಗೆ ಮನೆಗಳಿಗೆ ಖಾಲಿಯಾಗುತ್ತದೆ. ಆ ದಿನ ಸದ್ದು ಮಾಡಿದರೆ ಕೇಳಲು ನರಪಿಳ್ಳೆಯೂ ಇರುವುದಿಲ್ಲ. ಸ್ವೆನ್ ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ, ಹೆಂಡತಿ ಅವನ ಪಕ್ಕದಲ್ಲಿದ್ದರು. ಅನಂತಕೃಷ್ಣ ಕೆಲಸದ ಜಾಗದಿಂದ ವಜ್ರದ ಹಲ್ಲಿನ ದೊಡ್ಡ ಡ್ರಿಲ್ ತಂದು, ಭಾನುವಾರದ ಪಾಠಕ್ಕೆಂದು ಸ್ವೆನ್ ಕೊಟ್ಟಿದ್ದ ಬೀಗದ ಕೈಯಿಂದ ಒಳಹೊಕ್ಕು ಗೋಡೆಗೆ ಹಚ್ಚಿದರು. ಎರಡು ಗಂಟೆ ಅಂದುಕೊಂಡದ್ದು ಏಳು ಗಂಟೆಯಾಯಿತು. ಒಂದು ಹಲ್ಲು ಮುರಿಯಿತು. ಗೋಡೆ ಮುಗಿಯುವುದೇ ಇಲ್ಲ, ನಲವತ್ತು ಸೆಂಟಿಮೀಟರು, ಒಳಗೆ ಬೆರಳು ಗಾತ್ರದ ಕಬ್ಬಿಣ. "ನೋಡು ಮಾಲತಿ, ಹಳೇ ಕಾಲದವರು ಎಷ್ಟು ಗಟ್ಟಿ ಕಟ್ಟಿದ್ದಾರೆ!" ಅಂತ ಧೂಳು ಮೆತ್ತಿದ ಮುಖದಲ್ಲಿ ಹೆಮ್ಮೆಯಿಂದ ಕೂಗಿದ್ದರು. ಯಾಕೆ ಅಷ್ಟು ಗಟ್ಟಿ ಕಟ್ಟಿದ್ದಾರೆ ಅಂತ ಒಂದು ಕ್ಷಣ ಯೋಚಿಸಲಿಲ್ಲ. ಫ್ಯಾನು ಕೂರಿಸಿದರು, ಹೊರಗೆ ಲೈಲಾಕ್ ಗಿಡದ ಮರೆಯಲ್ಲಿ ಜಾಲರಿ ಹಾಕಿದರು. ಒಗ್ಗರಣೆ ಹೊಗೆ ಹಿತ್ತಲಿಗೆ ಹೋಯಿತು, ಮೇಲಿನ ಕೆಮ್ಮು ನಿಂತಿತು. ಸ್ವೆನ್ ಆಸ್ಪತ್ರೆಯಿಂದ ಬಂದ ಮೇಲೆ ಉಸ್ತುವಾರಿ ಬಿಟ್ಟ, ನೆಲಮಾಳಿಗೆಗೆ ಮತ್ತೆ ಇಳಿಯಲಿಲ್ಲ. ಹತ್ತು ವರ್ಷಗಳಾದ ಮೇಲೆ ಊಟದ ಮಂದಿ ಹೆಚ್ಚಾಗಿ ಕನ್ನಡದವರು ಬೇರೆ ಹಾಲ್ ಹಿಡಿದರು. ಫ್ಯಾನು ಕಳಚಿ, ತೂತಿಗೆ ಹಲಗೆ ಬಡಿದು, ಅದರ ಮುಂದೆ ಕಬ್ಬಿಣದ ಕಪಾಟು ನಿಲ್ಲಿಸಿದ್ದಾಯಿತು. ಆ ಕಾಲದ ನೆರೆಯವರು ಒಬ್ಬೊಬ್ಬರಾಗಿ ಮನೆ ಬಿಟ್ಟು ಹೋದರು, ಸ್ವೆನ್ ತೀರಿಕೊಂಡ. ಎಲ್ಲರಿಗೂ ಮರೆತುಹೋಯಿತು, ಅನಂತಕೃಷ್ಣರಿಗೂ.

ತರಬೇತಿಯಿಂದ ಬಂದ ದಿನದಿಂದ ಮೂರು ವರ್ಷ ಅವರು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದರು. ಕೂತಲ್ಲಿ ಕೂರಲಾರರು. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಚಾನೆಲ್ ಬದಲಿಸುತ್ತಾರೆ, ಬದಲಿಸಿದಲ್ಲಿ ನ್ಯಾಟೋ ಸುದ್ದಿ, ಅದನ್ನೂ ಬದಲಿಸುತ್ತಾರೆ. ಯುದ್ಧ ಬಂದರೆ ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು ಅಂತ ಸರಕಾರ ಮನೆಮನೆಗೆ ಕಳಿಸಿದ ಕಿರುಪುಸ್ತಿಕೆ ಬಂದ ದಿನ ಮಾಲತಿ ಖುಷಿಯಾಗಿ, "ಅಕ್ಕಿ ಇದೆ, ಹಪ್ಪಳ ಇದೆ, ಉಪ್ಪಿನಕಾಯಿ ಇದೆ, ಮಳೆಗಾಲಕ್ಕೆ ಕೂಡಿಟ್ಟ ಹಾಗೆ. ನಮ್ಗೆ ಇವ್ರು ಹೇಳಿಕೊಡ್ಬೇಕಾ?" ಅಂದರೆ, ಇವರು ಎದ್ದು ಬಾಲ್ಕನಿಗೆ ಹೋಗಿ ನಿಂತರು. ಒಮ್ಮೆ ಒಂದು ಚೀಲ ಸಿಮೆಂಟು ಹೊತ್ತು ಕೆಳಗೆ ಇಳಿದದ್ದೂ ಉಂಟು. ಕಪಾಟು ಸರಿಸಿ ನೋಡಿ ಹಾಗೇ ವಾಪಸು ತಂದರು. ಸಿಮೆಂಟು ಮೆತ್ತಿದರೆ ಕಣ್ಣಿಗೆ ಮುಚ್ಚಿದಂತೆ ಕಾಣುತ್ತದೆ, ಸ್ಫೋಟದ ಒತ್ತಡಕ್ಕೆ ಬಾಟಲಿಯ ಬೂಚಿನಂತೆ ಹಾರುತ್ತದೆ. ಬೇರೆ ಕಟ್ಟಡಗಳ ವರದಿಯಲ್ಲಿ ಈ ವಾಕ್ಯವನ್ನು ಅವರೇ ಎಷ್ಟೋ ಸಲ ಬರೆದಿದ್ದರು.

ಅತ್ತ ಗುನ್‌ಬ್ರಿಟ್ ಅಜ್ಜಿಗೂ ಮಾಲತಿಗೂ ಸ್ನೇಹ ಬಲಿತಿತ್ತು. ಗಂಡ ಹೋದ ಮೇಲೆ ಅಜ್ಜಿ ವಾರಕ್ಕೆರಡು ಸಲ ಬಂದು ಕೂರುತ್ತಿದ್ದರು. ಅವರು ಈ ಕಟ್ಟಡದಲ್ಲೇ ಬೆಳೆದವರು. ಹೊಸದಾಗಿ ಕಟ್ಟಿದಾಗ ಏಳು ವರ್ಷದ ಹುಡುಗಿ. ರಷ್ಯಾದ ಬಾಂಬು, ಅಮೆರಿಕದ ಬಾಂಬು ಅಂತ ರೇಡಿಯೊ ದಿನವೂ ಹೇಳುತ್ತಿದ್ದ ಕಾಲ. ಅಮ್ಮ ಅಡಿಗೆಮನೆಯ ಕಪಾಟಿನಲ್ಲಿ ಯುದ್ಧಕ್ಕೆಂದು ಸಕ್ಕರೆ, ಕಾಫಿ, ರಸ್ಕು ಕೂಡಿಡುತ್ತಿದ್ದಳಂತೆ. ಕೂಡಿಟ್ಟದ್ದು ಹಾಳಾಗಬಾರದಲ್ಲ? ಹಾಗಾಗಿ ಅಂಗಡಿಯಿಂದ ತಂದ ಹೊಸ ಪೊಟ್ಟಣ ಕಪಾಟಿಗೆ, ಕಪಾಟಿನ ಹಳೆಯ ಪೊಟ್ಟಣ ತಟ್ಟೆಗೆ.

"ಹನ್ನೊಂದು ವರ್ಷ ನಾವು ಹಳೇ ರಸ್ಕೇ ತಿಂದೆವು" ಅನ್ನುತ್ತಿದ್ದರು ಅಜ್ಜಿ. "ಹದಿನೆಂಟಕ್ಕೆ ಮನೆ ಬಿಟ್ಟು ಹೋದ ದಿನ ಒಂದು ಪೊಟ್ಟಣ ಕೊಂಡು ಟ್ರಾಮ್ ನಿಲ್ದಾಣದಲ್ಲೇ ಹರಿದು ತಿಂದೆ. ರಸ್ಕು ಗರಿಗರಿ ಇರುತ್ತದೆ ಅಂತ ಅವತ್ತು ಗೊತ್ತಾಯಿತು."

ಮಾಲತಿ ಅದನ್ನು ಕೇಳಿ ನಗುತ್ತಾ ಕಣ್ಣೊರೆಸಿಕೊಂಡಿದ್ದರು. ಅಜ್ಜಿಯ ಅಮ್ಮ ಕೈಗಡಿಯಾರ ಹಿಡಿದು ಮಕ್ಕಳನ್ನು ಮೆಟ್ಟಿಲಿಳಿಸಿ ಓಡಿಸುತ್ತಿದ್ದಳಂತೆ, ಮನೆ ಬಾಗಿಲಿಂದ ಶೆಲ್ಟರಿನ ಬೆಂಚಿಗೆ ಐವತ್ತೆರಡು ಸೆಕೆಂಡು. ಶೂಗಳು ಮಂಚದ ಪಕ್ಕದಲ್ಲೇ, ಲೇಸು ಸಡಿಲಿಸಿ, ನಾಲಿಗೆ ಮೇಲೆತ್ತಿ. ಹುಡುಗಿ ಹೆದರಿ ಅತ್ತರೆ ಅಮ್ಮ ಕೆಳಗೆ ಕರೆದುಕೊಂಡು ಹೋಗಿ ಅವಳ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು, "ನೋಡು, ಇದನ್ನು ದಾಟಿ ಏನೂ ಬರುವುದಿಲ್ಲ" ಅನ್ನುತ್ತಿದ್ದಳು. ದೊಡ್ಡವಳಾಗಿ, ಸ್ವೆನ್‌ನನ್ನು ಮದುವೆಯಾಗಿ ಇದೇ ಕಟ್ಟಡಕ್ಕೆ ಮರಳಿದ ಮೇಲೆ ಅಜ್ಜಿ ಆ ಕೋಣೆಗೆ ಕಾಲಿಡಲಿಲ್ಲ. ಇಳಿಯಬೇಕಾಗಿರಲಿಲ್ಲ, ಗೋಡೆ ಅಲ್ಲಿದೆ ಅಂತ ಗೊತ್ತಿದ್ದರೆ ಸಾಕಿತ್ತು ಅವರಿಗೆ. ಈ ಕತೆ ನಡೆಯುವಾಗ ಅನಂತಕೃಷ್ಣ ಒಳಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ಸುಮ್ಮಸುಮ್ಮನೆ ಕಸ ಹಾಕುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದರು.

ಕಳೆದ ಅಕ್ಟೋಬರಿನಲ್ಲಿ ಸಂಘದ ಅಧ್ಯಕ್ಷ ಹೋಕನ್, ಕಟ್ಟಡದ ಶೆಲ್ಟರ್ ತಪಾಸಣೆಯಾಗಬೇಕು ಅಂತ ಪಟ್ಟು ಹಿಡಿದ. "ನೀನೇ ಇದ್ದೀಯಲ್ಲ, ನೀನೇ ಮಾಡು" ಅಂದ. ತನ್ನ ಕಟ್ಟಡವನ್ನು ತಾನೇ ತಪಾಸಣೆ ಮಾಡುವಂತಿಲ್ಲ ಅಂತ ಅನಂತಕೃಷ್ಣ ನಿಯಮ ತೋರಿಸಿ ತಪ್ಪಿಸಿಕೊಂಡರು. ನಿಯಮ ನಿಜವೇ ಇತ್ತು. ಅದನ್ನು ಹೇಳುವಾಗ ಆದ ನಿರಾಳ ಮಾತ್ರ ಕಳ್ಳ ನಿರಾಳ. ಕಂಪನಿ ಮೆಲ್ವಿನ್‌ನನ್ನು ಕಳಿಸಿತು. ಮೆಲ್ವಿನ್ ಮಂಗಳೂರಿನವನು, ಮೂವತ್ತನಾಲ್ಕರ ಚುರುಕು ಆಸಾಮಿ. ಕಪಾಟು ಸರಿಸಿದ, ಹಲಗೆ ಕಿತ್ತ, ಟೇಪು ಹಿಡಿದು ಅಳೆದ. ಅನುಮತಿ ಇಲ್ಲದೆ ಕೊರೆದ ತೂತು, ನೂರಿಪ್ಪತ್ತೈದು ಮಿಲಿಮೀಟರು, ಕಾಲ ಗೊತ್ತಿಲ್ಲ, ಶೆಲ್ಟರ್ ಬಳಕೆಗೆ ಯೋಗ್ಯವಲ್ಲ. ಬರೆದು ಮುಗಿಸಿ ಮೇಲೆ ಬಂದವನು ಅನಂತಕೃಷ್ಣರ ಬಾಗಿಲ ಮುಂದೆ ನಿಂತು ತಲೆ ಕೆರೆದುಕೊಂಡ.

"ಅನಂತಣ್ಣ, ನಾನು ಹೊಸದಾಗಿ ಬಂದಾಗ ಆ ರೂಮಲ್ಲಿ ಊಟ ಮಾಡಿದ್ದೇನೆ. ಆ ವಾಲ್ ಮೇಲೆ ಫ್ಯಾನ್ ಇತ್ತು ಅಲ್ವಾ?"

"ಇತ್ತು" ಅಂದರು ಅನಂತಕೃಷ್ಣ.

ಮೆಲ್ವಿನ್ ಅವರ ಮುಖ ನೋಡಿದ, ನೆಲ ನೋಡಿದ. "ರಿಪೋರ್ಟಲ್ಲಿ ಯಾರು ಮಾಡಿದ್ದು ಅಂತ ಕಾಲಮ್ ಇಲ್ಲ. ನಾನು ಕೇಳೂದಿಲ್ಲ, ನೀವು ಹೇಳ್ಬೇಡಿ. ರಿಟೈರ್‌ಮೆಂಟಿಗೆ ಎಷ್ಟು ವರ್ಷ ಉಳಿದಿದೆ ನಿಮ್ಗೆ, ನಾಲ್ಕಾ? ಸುಮ್ನೆ ಇದ್ಬಿಡಿ."

ನವೆಂಬರಿನಲ್ಲಿ ಪಕ್ಕದ ಶಾಲೆಯಲ್ಲಿ ಸೇರಿದ ಸಂಘದ ಸಭೆಯಲ್ಲಿ ಹೋಕನ್ ವರದಿ ಓದಿದ. ಹೊಸ ಮನೆಯವರು ಬೆಚ್ಚಿ ಬಿದ್ದರು. ಇಂಥಾ ಕೆಲಸ ಯಾರದು ಅಂತ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಳೆಯ ಕಡತ ತಿರುವಿದ ಹೋಕನ್, "ಆ ಕಾಲಕ್ಕೆ ಕೆಳಗಿನ ಬೀಗದ ಕೈ ಇದ್ದದ್ದು ಉಸ್ತುವಾರಿ ಹತ್ತಿರ. ಡ್ರಿಲ್ಲೂ ಅವನದೇ. ಸ್ವೆನ್ ಬಿಟ್ಟರೆ ಬೇರೆ ಯಾರಿರಲು ಸಾಧ್ಯ?" ಅಂದ. ಹೇಳಿದ ಮೇಲೆ ಗುನ್‌ಬ್ರಿಟ್ ಕೂತಿರುವುದು ಕಂಡು ನಾಲಿಗೆ ಕಚ್ಚಿಕೊಂಡ. "ತಪ್ಪು ಹುಡುಕಲಿಕ್ಕಲ್ಲ. ಸತ್ತವರನ್ನು ಏನು ಕೇಳುವುದು" ಅಂತ ಸೇರಿಸಿದ. ಸಭೆಯ ಟಿಪ್ಪಣಿಯಲ್ಲಿ ಮಾತ್ರ 'ಬಹುಶಃ ಹಿಂದಿನ ಉಸ್ತುವಾರಿ' ಅಂತ ದಾಖಲಾಯಿತು.

ಅಜ್ಜಿ ಮಡಿಲಲ್ಲಿದ್ದ ಕೈಗವಸನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

ಅನಂತಕೃಷ್ಣ ಎರಡು ಕುರ್ಚಿ ಆಚೆ ಕೂತಿದ್ದರು. ಹೇಳಬೇಕು, ಈಗಲೇ ಏಳಬೇಕು ಅಂತ ಮೊಣಕಾಲಿನವರೆಗೆ ಬಂತು. ಗುರುತಿನ ಚೀಟಿ ಹೋಗುತ್ತದೆ. ಕಂಪನಿ ಬಿಡುತ್ತದೆ. ಇಪ್ಪತ್ತು ವರ್ಷ ಇಲ್ಲಿ 'ಭಾರತದವರು ಕೆಲಸದಲ್ಲಿ ಗಟ್ಟಿ' ಅಂತ ಗಳಿಸಿಕೊಂಡ ಹೆಸರು ಹೋಗುತ್ತದೆ. ಬಾಯಲ್ಲಿ ಕಡುಬು ತುರುಕಿದ ಹಾಗೆ ಕೂತೇ ಇದ್ದರು. ಸಭೆ ಮುಗಿಯಿತು, ಎಲ್ಲರೂ ಕುರ್ಚಿ ಮಡಚಿದರು, ಅವರೂ ಮಡಚಿದರು.

ಆಮೇಲಿನ ಮೂರು ವಾರ ಅಜ್ಜಿ ಮೇಲಕ್ಕೆ ಬರಲಿಲ್ಲ. ಇಡೀ ಕಟ್ಟಡಕ್ಕೆ ಒಂದೇ ಇರುವ ಬಟ್ಟೆ ಒಗೆಯುವ ಕೋಣೆಯ ತಮ್ಮ ಪಾಳಿಯನ್ನೂ ಬಿಟ್ಟುಕೊಟ್ಟರು. ಈ ದೇಶದಲ್ಲಿ ಯಾರಾದರೂ ತಮ್ಮ ಪಾಳಿ ಬಿಟ್ಟುಕೊಟ್ಟರೆ ಗಾಬರಿಪಡಬೇಕು. ಮಾಲತಿ ಎರಡು ಸಲ ಹೋಗಿ ಬೆಲ್ ಒತ್ತಿ ಬಂದರು. ಒಳಗೆ ಹೆಜ್ಜೆ ಸದ್ದು ಕೇಳಿಸಿತು, ಬಾಗಿಲು ತೆರೆಯಲಿಲ್ಲ. ಗಂಡನ ಮೇಲೆ ಅಪವಾದ ಹೊರಿಸಿದರಲ್ಲ ಅಂತ ಕಟ್ಟಡದ ಮೇಲೆಯೇ ಮುನಿಸಿಕೊಂಡಿದ್ದಾರೆ ಅಂದುಕೊಂಡರು ಇಬ್ಬರೂ. ಅನಂತಕೃಷ್ಣರಿಗೆ ಊಟ ಸೇರುತ್ತಿರಲಿಲ್ಲ. ಬೇರೆ ಕಟ್ಟಡಗಳಲ್ಲಿ ತಪಾಸಣೆಗೆ ನಿಂತರೆ ಪೆನ್ನು ಓಡುತ್ತಿರಲಿಲ್ಲ. ಲಿನ್‌ಶೋಪಿಂಗ್ ದಾರಿಯ ಒಂದು ಕಟ್ಟಡದಲ್ಲಿ ಒಬ್ಬ ಮುದುಕ ಗೋಡೆಗೆ ಒಂದು ಮೊಳೆ ಹೊಡೆದಿದ್ದಕ್ಕೆ ಇವರು ಅವನ ಮೇಲೆ ರೇಗಿಬಿಟ್ಟರು. ಆಮೇಲೆ ಕಾರಿನಲ್ಲಿ ಕೂತು ತಮ್ಮ ಮೇಲೆ ತಾವೇ ಥೂ ಅಂದುಕೊಂಡರು.

ಡಿಸೆಂಬರಿನ ಮೊದಲ ಸೋಮವಾರ ಬೆಳಗಿನ ತಿಂಡಿಗೆ ಮಾಲತಿ ನೀರುದೋಸೆ ಹಾಕಿ ಕರೆದರು. ಇವರು ಅಡಿಗೆಮನೆಯಿಂದ ಹಾಲಿಗೆ, ಹಾಲಿನಿಂದ ಬಾಲ್ಕನಿಗೆ ನಡೆದಾಡುತ್ತಿದ್ದರು. ಮಾಲತಿಯ ತಾಳ್ಮೆ ಕಡಿದುಹೋಯಿತು. ಸಟ್ಟುಗ ಕೆಳಗಿಟ್ಟರು.

"ಎಂತ, ಮೆರವಣಿಗೆ ಮುಗೀಲಿಲ್ವಾ? ಮೂರು ವಾರದಿಂದ ನೋಡ್ತಾ ಇದ್ದೇನೆ. ಆ ಪಾಪದ ಮನುಷ್ಯ ಬದುಕಿದ್ದಾಗ ಯಾರಿಗೂ ಎದುರು ಮಾತಾಡಿದವನಲ್ಲ, ಈಗ ಎದುರು ಮಾತಾಡ್ಲಿಕ್ಕೆ ಅವ್ನೇ ಇಲ್ಲ. ಅವ್ನ ತಲೆ ಮೇಲೆ ಹಾಕಿ ನಾವಿಲ್ಲಿ ದೋಸೆ ತಿನ್ನೋದಾ?"

"ಕೆಲ್ಸ ಹೋಗ್ತದೆ ಮಾಲತಿ."

"ಹೋಗ್ಲಿ. ನೀವು ಕೊರೆದದ್ದು ನನ್ನ ಒಗ್ಗರಣೆಗೆ. ನನ್ನ ಹೆಸರೂ ಬರೀರಿ. ನಿಮ್ಗೆ ನಾಚಿಕೆ ಆಗ್ತದೆ ಅಂದ್ರೆ ನಾನೇ ಹೋಗಿ ಹೇಳ್ತೇನೆ, ನಂಗೆ ನಾಚಿಕೆ ಇಲ್ಲ."

ನಾಚಿಕೆ ಇಲ್ಲ ಅಂದವರ ಕಣ್ಣಲ್ಲಿ ನೀರು ತುಂಬಿತ್ತು. ಅನಂತಕೃಷ್ಣ ಲ್ಯಾಪ್‌ಟಾಪ್ ತೆರೆದು ಕೂತರು. ಕಂಪನಿಗೆ ಒಂದು, ಸಂಘದ ಹೋಕನ್‌ಗೆ ಒಂದು, ಎರಡೂ ಪತ್ರದಲ್ಲಿ ಅದೇ ನಾಲ್ಕು ಸಾಲು. ತೂತು ಕೊರೆದವನು ನಾನು. ಮಿಡ್‌ಸಮ್ಮರ್ ದಿನ, ಸ್ವೆನ್ ಆಸ್ಪತ್ರೆಯಲ್ಲಿದ್ದಾಗ. ಅವನಿಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಇದು ಶೆಲ್ಟರಿನ ಗೋಡೆ ಅಂತ ತಿಳಿದೂ ಸುಮ್ಮನಿದ್ದೆ. ಮಾಲತಿಯ ಹೆಸರು ಬರೆಯಲಿಲ್ಲ. ಕಳಿಸುವ ಗುಂಡಿ ಒತ್ತಿ ಲ್ಯಾಪ್‌ಟಾಪ್ ಮುಚ್ಚಿದರು.

ಮಧ್ಯಾಹ್ನ ಎರಡಕ್ಕೆ ಕಂಪನಿಯಿಂದ ಫೋನು ಬಂತು. ಮೇಲಧಿಕಾರಿ ಮರ್ಯಾದೆಯಾಗಿಯೇ ಮಾತಾಡಿದಳು. ಹೇಳಿದ್ದು ಒಳ್ಳೆಯದಾಯಿತು, ಆದರೆ ಇವತ್ತಿನಿಂದ ತಪಾಸಣೆ ಕೆಲಸ ಇಲ್ಲ, ಗುರುತಿನ ಚೀಟಿ ನಾಳೆ ತಂದೊಪ್ಪಿಸಬೇಕು, ಗಾಳಿಕೊಳವೆ ತೊಳೆಯುವ ತಂಡದಲ್ಲಿ ಜಾಗ ಇದೆಯೋ ನೋಡುತ್ತೇವೆ, ಮಾತು ಕೊಡಲಾರೆ ಅಂದಳು. ಅನಂತಕೃಷ್ಣ ಥ್ಯಾಂಕ್ಸ್ ಹೇಳಿದರು. ಯಾಕೆ ಹೇಳಿದೆ ಅಂತ ಅವರಿಗೇ ತಿಳಿಯಲಿಲ್ಲ.

ಇನ್ನು ಉಳಿದದ್ದು ಎರಡನೇ ಮಹಡಿ. ಹೋಕನ್ ಬಾಯಿಂದ ಅಜ್ಜಿಗೆ ಗೊತ್ತಾಗುವ ಮೊದಲು ತಾನೇ ಹೇಳಬೇಕು. ಮಾಲತಿ ಜೊತೆಗೆ ಬರುತ್ತೇನೆ ಅಂದರು. ಬೇಡ ಅಂದು ಒಬ್ಬರೇ ಇಳಿದರು. ಅರ್ಧ ಮೆಟ್ಟಿಲಿಗೆ ಊರಿನ ಸೈರನ್‌ಗಳು ಒಮ್ಮೆಗೇ ಕೂಗತೊಡಗಿದವು. ಅಪಾಯವೇನಲ್ಲ. ಮೂರು ತಿಂಗಳಿಗೊಮ್ಮೆ, ಮೊದಲ ಸೋಮವಾರ, ಮೂರು ಗಂಟೆಗೆ ಸರಿಯಾಗಿ ಸೈರನ್ ಸರಿ ಇದೆಯೇ ಅಂತ ನೋಡುತ್ತಾರೆ. ಅಷ್ಟು ವರ್ಷ ಕೇಳಿದ ಸದ್ದೇ ಆದರೂ ಅವತ್ತು ಅನಂತಕೃಷ್ಣರು ಕಟಕಟೆ ಹಿಡಿದುಕೊಂಡು ನಿಂತುಬಿಟ್ಟರು. ಹೊರಗೆ ಆಗಲೇ ಕತ್ತಲಿಳಿಯುತ್ತಿತ್ತು. ಸದ್ದು ನಿಂತ ಮೇಲೆ ಬೆಲ್ ಒತ್ತಿದರು.

ಈ ಸಲ ಬಾಗಿಲು ತೆರೆಯಿತು. ಅಜ್ಜಿ ಶೂ ಹಾಕಿಕೊಂಡಿದ್ದರು, ಲೇಸು ಬಿಗಿದು. ಮನೆಯೊಳಗೆ ಶೂ ಹಾಕಿದವರನ್ನು ಈ ದೇಶದಲ್ಲಿ ಅನಂತಕೃಷ್ಣ ಅದೇ ಮೊದಲು ನೋಡಿದ್ದು. ಅವರ ಕಣ್ಣು ಎಲ್ಲಿದೆ ಅಂತ ಅಜ್ಜಿಗೆ ತಿಳಿಯಿತು.

"ಸೈರನ್ ಕೂಗಿದಾಗ ಪ್ರತಿ ಸಲ ಹಾಕಿಕೊಳ್ಳುತ್ತೇನೆ. ಕೆಳಗೆ ಹೋಗುವುದಿಲ್ಲ, ಹಾಕಿಕೊಂಡು ಕೂರುತ್ತೇನೆ. ಸ್ವೆನ್‌ಗೆ ನಗು ಬರುತ್ತಿತ್ತು" ಅಂದರು. "ಈ ಸಲ ಹಾಕಿ ಏನು ಪ್ರಯೋಜನ? ಕೆಳಗೆ ಹೋದರೂ ತೂತು. ಒಳಗೆ ಬಾ."

ಅನಂತಕೃಷ್ಣ ಒಳಗೆ ಬಂದರು, ಕೂರಲಿಲ್ಲ. ಬರುವಾಗ ಜೋಡಿಸಿಕೊಂಡಿದ್ದ ಸ್ವೀಡಿಷ್ ವಾಕ್ಯಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಆ ತೂತು ಸ್ವೆನ್ ಮಾಡಿದ್ದಲ್ಲ. ನಾನು. ನೀವಿಬ್ಬರೂ ಆಸ್ಪತ್ರೆಯಲ್ಲಿದ್ದಾಗ. ಅಡಿಗೆ ಹೊಗೆ ಹೋಗಲಿ ಅಂತ ಫ್ಯಾನ್ ಹಾಕಿದೆ. ಅದು ಯಾವ ಗೋಡೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಸಭೆಯ ದಿನ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಬೈಯುತ್ತಾರೆ, ಬಾಗಿಲು ತೋರಿಸುತ್ತಾರೆ, ಎರಡಕ್ಕೂ ಅನಂತಕೃಷ್ಣ ಸಿದ್ಧರಾಗಿದ್ದರು. ಅಜ್ಜಿ ನಿಧಾನವಾಗಿ ಕುರ್ಚಿಯ ತೋಳು ಹಿಡಿದು ಕೂತರು.

"ಹಾಗಾದರೆ ಅವನಲ್ಲ" ಅಂದರು.

"ಅಲ್ಲ."

"ವಾಸನೆ ವಾಸನೆ ಅಂತ ಅವನನ್ನು ಕಾಡಿದವಳು ನಾನು. ಏನಾದರೂ ಮಾಡುತ್ತೇನೆ ಅಂದ. ಆಮೇಲೆ ವಾಸನೆ ನಿಂತಿತು. ಹೋಕನ್ ಅವತ್ತು ಹೇಳಿದ ಕೂಡಲೇ ನನಗೆ ಎಲ್ಲ ಹೊಂದಿಕೊಂಡಿತು. ನನ್ನ ಕಾಟ ತಡೆಯಲಾರದೆ ಅವನು ನನ್ನ ಗೋಡೆಯನ್ನೇ ಒಡೆದ, ಒಡೆದು ನನಗೆ ಹೇಳದೆ ಸತ್ತ ಅಂತ ನಂಬಿಬಿಟ್ಟೆ."

ಅನಂತಕೃಷ್ಣರಿಗೆ ಆಗ ಗೊತ್ತಾಯಿತು. ಮೂರು ವಾರ ಬಾಗಿಲು ಹಾಕಿಕೊಂಡು ಕೂತಿದ್ದು ಕಟ್ಟಡದ ಮೇಲಿನ ಸಿಟ್ಟಿಗಲ್ಲ. ಎದುರಿನ ಗೋಡೆಯ ಮೇಲೆ ಒಂದು ಚೌಕ ಮಾತ್ರ ಸುತ್ತ ಅಂಟಿಸಿದ ಗೋಡೆಕಾಗದಕ್ಕಿಂತ ತಿಳಿಯಾಗಿತ್ತು, ನಡುವೆ ಬರೀ ಮೊಳೆ.

"ಮೂರು ವಾರದಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ" ಅಂದರು ಅಜ್ಜಿ. ಎದ್ದು ಮೇಜಿನ ಡ್ರಾಯರ್ ಎಳೆದು, ಟವೆಲುಗಳ ಅಡಿಯಿಂದ ಮಗುಚಿಟ್ಟಿದ್ದ ಚೌಕಟ್ಟನ್ನು ತೆಗೆದರು. ಗಾಜಿನೊಳಗೆ ಸ್ವೆನ್, ತಲೆಗೆ ಟೋಪಿ, ಅದೇ ಸಂಕೋಚದ ಮುಖ. "ಐವತ್ತು ವರ್ಷ ಒಟ್ಟಿಗಿದ್ದವನನ್ನು ಟವೆಲಿನ ಕೆಳಗೆ ಹಾಕಿದೆ. ಬೆಳಿಗ್ಗೆ ಎದ್ದು ಗುಡ್ ಮಾರ್ನಿಂಗ್ ಹೇಳಲಿಲ್ಲ. ಅವನ ಸಮಾಧಿಗೆ ದೀಪ ಇಡಲಿಕ್ಕೆ ಹೋಗಲಿಲ್ಲ. ನವೆಂಬರಿನ ಸಂತರ ಹಬ್ಬದಲ್ಲಿ ಇಟ್ಟ ದೀಪ ಹಾಗೇ ಆರಿ ಬಿದ್ದಿರಬೇಕು ಅಲ್ಲಿ."

ಅನಂತಕೃಷ್ಣರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಭೆಯ ದಿನ ಎದ್ದು ನಿಂತಿದ್ದರೆ ಮುಗಿಯುತ್ತಿತ್ತು. ಕೆಲಸ ಅವತ್ತೂ ಹೋಗುತ್ತಿತ್ತು, ಇವತ್ತೂ ಹೋಯಿತು. ಈ ಮೂರು ವಾರವನ್ನು ಮಾತ್ರ ಯಾವ ಸಿಮೆಂಟು ತಂದು ತುಂಬುವುದು?

"ನನ್ನನ್ನು ಕ್ಷಮಿಸಿ" ಅಂದರು. "ಗುನ್‌ಬ್ರಿಟ್, ದಯವಿಟ್ಟು."

ಅಜ್ಜಿ ಅಂಗಿಯ ತೋಳಿನಿಂದ ಗಾಜು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಸ್ವಲ್ಪ ಸುಮ್ಮನಿರು. ಮೊದಲು ನಾನು ಇವನ ಹತ್ತಿರ ಕೇಳಬೇಕು. ನಿನ್ನದು ಆಮೇಲೆ."

ಫೋಟೋವನ್ನು ಎದೆಗೊತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಾತು ಕೇಳಿಸಿತು. ಮೆಲ್ಲಗೆ, ನಡುನಡುವೆ ಮೂಗೆಳೆದುಕೊಂಡು, ಒಂದೇ ಸಮನೆ ಹೇಳುತ್ತಿದ್ದರು. ಮೂರು ವಾರದ ಮಾತು ಬೇಗ ಮುಗಿಯುವ ಹಾಗಿರಲಿಲ್ಲ. ಅನಂತಕೃಷ್ಣ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಕಾದರು.